ಎರಡನೇ ಬ್ರೇಕಿನ ಮೇಲಿಟ್ಟ ಕಾಲು

ನನಗೆ ಗಡ್ಡ ಮಾಡುತ್ತಿದ್ದ ಮನುಷ್ಯನಿಗೆ, ಪ್ರತಿ ಸಲ ಕತ್ತಿ ನನ್ನ ಗಂಟಲ ಹತ್ತಿರ ಬಂದಾಗಲೂ, ಇದನ್ನು ಕೊಯ್ದುಬಿಡುತ್ತೇನೇನೋ ಎಂಬ ಯೋಚನೆ ಬರುತ್ತಿತ್ತಂತೆ. ಈ ಸಂಗತಿ ಅವನಿಗೆ ಗೊತ್ತಿತ್ತು. ನನ್ನ ಹೆಂಡತಿಗೂ ಗೊತ್ತಿತ್ತು. ಗಂಟಲಿನ ಯಜಮಾನನಾದ ನನಗೊಬ್ಬನಿಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಅವಳು ಭಾನುವಾರ ಬೆಳಿಗ್ಗೆ ನನ್ನ ಕೈಗೆ ಚೀಲ ಕೊಟ್ಟು, ಬರುವಾಗ ತರಕಾರಿ ತನ್ನಿ ಎಂದು ಕಳಿಸುತ್ತಿದ್ದಳು.

ತಿಳಿದ ದಿನ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿದಷ್ಟು ಇಳಿದಿರುವುದರಿಂದ ಬರೆಯಲು ಕೂತಿದ್ದೇನೆ. ಹೆಂಡತಿಯನ್ನು ಹೊಗಳುವ ಚಪಲ ನನಗಿಲ್ಲ, ಹೊಗಳಿದರೆ ಅವಳಿಗೆ ಸೇರುವುದೂ ಇಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ಈ ಹೆಂಗಸು ಎಂಥವಳು ಎಂದು ನನಗೇ ಒಮ್ಮೆ ಸರಿಯಾಗಿ ನೋಡಬೇಕಾಗಿದೆ.

ಮೊದಲು ನನ್ನ ವಿಷಯ ಹೇಳಿ ಮುಗಿಸುತ್ತೇನೆ. ನಾನು ಕಾರು ಓಡಿಸುವುದನ್ನು ಕಲಿಸುವವನು. ಶಾಲೆಯ ಮೆಟ್ಟಿಲು ಹತ್ತಿ ಪಾಠ ಮಾಡಿದವನಲ್ಲದಿದ್ದರೂ ಬೀದಿಯವರಿಗೆಲ್ಲ ನಾನು ಮೇಷ್ಟ್ರು. ನನ್ನ ಕಾರಿನಲ್ಲಿ ಕಲಿಯುವವರ ಕಾಲಿಗೊಂದು ಬ್ರೇಕು, ಪಕ್ಕದಲ್ಲಿ ಕೂರುವ ನನ್ನ ಕಾಲಿಗೊಂದು ಬ್ರೇಕು. ನನ್ನ ಪಕ್ಕ ಸ್ಟೀರಿಂಗ್ ಹಿಡಿಯುವ ಪ್ರತಿಯೊಬ್ಬರೂ ನನ್ನನ್ನು ಕೊಲ್ಲಬಲ್ಲವರೇ. ಅವರಲ್ಲಿ ಬ್ಯಾಂಕಿನವರಿದ್ದಾರೆ, ಮೊಮ್ಮಕ್ಕಳನ್ನು ಕಂಡ ಅಜ್ಜಿಯರಿದ್ದಾರೆ, ಮದುವೆ ಗೊತ್ತಾದ ಹುಡುಗಿಯರಿದ್ದಾರೆ. ಲಾರಿ ಎದುರು ಬಂದಾಗ ಎಲ್ಲರೂ ಒಂದೇ, ಕಣ್ಣು ಮುಚ್ಚಿಕೊಳ್ಳುತ್ತಾರೆ. ನಮ್ಮ ಕೆಲಸದ ಗುಟ್ಟೆಲ್ಲ ಆ ಎರಡನೇ ಬ್ರೇಕಿನಲ್ಲಿದೆ. ಕಾಲು ಯಾವಾಗಲೂ ಅದರ ಮೇಲಿರಬೇಕು, ಆದರೆ ಒತ್ತಬಾರದು. ಹೆದರಿ ಹೆದರಿ ಒತ್ತುವ ಮೇಷ್ಟ್ರ ಹತ್ತಿರ ಯಾರೂ ಕಲಿಯುವುದಿಲ್ಲ. ಒತ್ತಬೇಕಾದಾಗ ಒತ್ತದ ಮೇಷ್ಟ್ರು ಹೆಚ್ಚು ದಿನ ಮೇಷ್ಟ್ರಾಗಿ ಉಳಿಯುವುದಿಲ್ಲ.

ಕಾಲಿನ ವಿಷಯದಲ್ಲಿ ಇಷ್ಟು ಹಿಡಿತವಿದ್ದರೂ ಬಾಯಿಯ ವಿಷಯದಲ್ಲಿ ನನಗೆ ಹಿಡಿತವಿಲ್ಲ. ಕೇಳಿದ್ದನ್ನು ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ನಮ್ಮಕ್ಕನೂ ಹಾಗೆಯೇ. ಭಾವ ತೀರಿಕೊಂಡ ಮೇಲೆ ಅವಳು ನಮ್ಮ ಜೊತೆಗಿದ್ದಾಳೆ. ಅಕ್ಕ ತಮ್ಮ ಇಬ್ಬರೂ ಸೇರಿದರೆ ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿತೆಂಬುದೂ ನಮಗೆ ತಿಳಿಯುತ್ತದೆ. ಇಂಥ ಮನೆಗೆ ಬಂದವಳು ನನ್ನ ಹೆಂಡತಿ.

ಅವಳು ಆಪ್ತ ಸಮಾಲೋಚಕಿ. ಮನಸ್ಸು ಕೆಟ್ಟವರು, ನಿದ್ದೆ ಕೆಟ್ಟವರು, ಸಂಸಾರ ಕೆಟ್ಟವರು ಅವಳ ಹತ್ತಿರ ಬಂದು ಮಾತಾಡಿ ಹೋಗುತ್ತಾರೆ. ಮುಖ್ಯ ರಸ್ತೆಯ ಕನ್ನಡಕದ ಅಂಗಡಿಯ ಮೇಲೆ ಅವಳ ಕೋಣೆ. ಅಲ್ಲಿ ಎರಡು ಕುರ್ಚಿ, ಒಂದು ನೀರಿನ ಹೂಜಿ, ಬಂದವರ ಬೆನ್ನ ಹಿಂದೆ ಒಂದು ಗಡಿಯಾರ. ಗಡಿಯಾರ ಅವಳಿಗೆ ಕಾಣಬೇಕು, ಅವರಿಗೆ ಕಾಣಬಾರದು. ಆ ಕೋಣೆಗೆ ಎರಡು ಬಾಗಿಲು. ಮುಂದಿನ ಮೆಟ್ಟಿಲಲ್ಲಿ ಹತ್ತಿ ಬಂದವರು ಹಿಂದಿನ ಮೆಟ್ಟಿಲಲ್ಲಿ ಇಳಿದು ಓಣಿಗೆ ಹೋಗುತ್ತಾರೆ. ಒಬ್ಬರ ಮುಖ ಇನ್ನೊಬ್ಬರು ನೋಡಬಾರದೆಂದು ಅವಳು ಹುಡುಕಿ ಹುಡುಕಿ ಹಿಡಿದ ಕೋಣೆ ಅದು.

ಸಂಜೆ ಮನೆಗೆ ಬಂದವಳು ಆ ಕೋಣೆಯ ಬಗ್ಗೆ ತುಟಿ ಪಿಟಕ್ಕೆನ್ನುವುದಿಲ್ಲ. ಅಕ್ಕ ಮೊದಮೊದಲು ನಾನಾ ರೀತಿ ಪ್ರಯತ್ನಪಟ್ಟಳು. "ಇವತ್ತು ಜಾಸ್ತಿ ಜನ ಇದ್ರೇನಮ್ಮ?" ಎಂದು ಶುರು ಮಾಡಿ, "ಹೆಂಗಸರೇ ಜಾಸ್ತಿ ಬರ್ತಾರೇನೋ" ಎಂದು ತಿರುಗಿಸಿ, "ನಮ್ಮ ಬೀದಿಯವರೂ ಬರ್ತಾರಾ?" ಎಂದು ಮುಗಿಸುತ್ತಿದ್ದಳು. ಇವಳು ಎಲ್ಲದಕ್ಕೂ "ಬರ್ತಾರೆ ಅತ್ತಿಗೆ" ಎಂದು ಕಾಯಿ ಹೆಚ್ಚುತ್ತಿದ್ದಳು. ಅಕ್ಕ ಸೋತು ಅವಳಿಗೆ ಮೌನಗೌರಿ ಎಂದು ಹೆಸರಿಟ್ಟಳು. ಬೀದಿಯವರು ಅಷ್ಟಕ್ಕೆ ಬಿಡಲಿಲ್ಲ, ಜಂಬದವಳು ಎಂದರು. ಯಾಕೆಂದರೆ ತನ್ನ ಹತ್ತಿರ ಬರುವವರು ದಾರಿಯಲ್ಲಿ ಸಿಕ್ಕರೆ ಇವಳು ತಾನಾಗಿ ಮಾತಾಡಿಸುವುದಿಲ್ಲ. ಅವರು ನಕ್ಕರೆ ನಗುತ್ತಾಳೆ, ಇಲ್ಲದಿದ್ದರೆ ಕಂಬದಂತೆ ದಾಟಿ ಹೋಗುತ್ತಾಳೆ. ಯಾರನ್ನು ನೋಡಿ ನಗುತ್ತಾಳೆ, ಯಾರನ್ನು ನೋಡಿ ನಗುವುದಿಲ್ಲ ಎಂದು ಜನ ಲೆಕ್ಕ ಹಾಕಿಬಿಡಬಹುದೆಂದು ಕೊನೆಗೆ ಯಾರನ್ನೂ ಮಾತಾಡಿಸುವುದನ್ನೇ ಬಿಟ್ಟಳು. ಮದುವೆಮನೆಗಳಲ್ಲಿ ಅವಳ ಪಕ್ಕ ನಿಂತು ಎಲ್ಲರಿಗೂ ಇಬ್ಬರ ಪಾಲಿನ ನಗು ನಾನೇ ನಕ್ಕಿದ್ದೇನೆ.

ಹಾಗೆಂದು ಅವಳದು ಸಾಯುವವರೆಗೂ ತೆರೆಯದ ಬಾಯಿ ಅಂತಲ್ಲ. ಕೋಣೆಗೆ ಹೊಸದಾಗಿ ಬಂದವರಿಗೆ ಅವಳು ಮೊದಲು ಹೇಳುವ ಮಾತೊಂದಿದೆ. ಮದುವೆಯಾದ ಹೊಸದರಲ್ಲಿ ಅದನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದುದರಿಂದ ನನಗೂ ಬಾಯಿಪಾಠವಾಗಿದೆ. "ನೀವು ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ. ಆದ್ರೆ ಯಾರದಾದ್ರೂ ಜೀವಕ್ಕೆ, ನಿಮ್ಮದಾದ್ರೂ ಸರಿ ಬೇರೆಯವರದಾದ್ರೂ ಸರಿ, ನಿಜವಾಗ್ಲೂ ಅಪಾಯ ಇದೆ ಅಂತ ನನಗೆ ಅನ್ನಿಸಿದ್ರೆ ಹೊರಗೆ ಹೇಳ್ತೀನಿ. ಹೇಳೋ ಮುಂಚೆ, ಆಗೋದಾದ್ರೆ, ನಿಮಗೆ ತಿಳಿಸಿಯೇ ಹೇಳ್ತೀನಿ."

ಆ ಮಾತಿನಂತೆ ಅವಳು ಒಮ್ಮೆ ನಡೆದುಕೊಂಡದ್ದು ಬೀದಿಗೆಲ್ಲ ಗೊತ್ತಿದೆ. ನನಗೂ ಬೀದಿಗೆ ಗೊತ್ತಿರುವಷ್ಟೇ ಗೊತ್ತು. ಒಬ್ಬ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಬಿಟ್ಟುಹೋದ ಹೆಂಡತಿ ಯಾವ ಬಸ್ಸಿಗೆ ಹತ್ತುತ್ತಾಳೆ, ಎಲ್ಲಿ ಇಳಿದು ಒಬ್ಬಳೇ ನಡೆಯುತ್ತಾಳೆ ಎಂಬುದನ್ನೆಲ್ಲ ನೋಡಿಟ್ಟುಕೊಂಡಿದ್ದ. ಇವಳು ಅವನೆದುರೇ ಎದ್ದು ನಿಂತು, ನಾನು ಈಗ ನಿಮ್ಮ ಹೆಂಡತಿಗೂ ಪೊಲೀಸರಿಗೂ ಹೇಳುತ್ತೇನೆ ಎಂದು ಫೋನು ಎತ್ತಿಕೊಂಡಳಂತೆ. ಆ ಹೆಂಗಸು ಉಳಿದಳು. ಅವನು ಕಲ್ಲು ಹೊಡೆದು ನಮ್ಮ ಮನೆಯ ಕಿಟಕಿಯ ಗಾಜು ಒಡೆದ. ಅದಾದ ಮೇಲೆ ಬಹಳ ದಿನ ಅವಳ ಕೋಣೆಗೆ ಜನ ಬರಲಿಲ್ಲ, ಹೇಳಿಬಿಡ್ತಾಳಂತೆ ಎಂದು ಹೆದರಿದರು. ಒಂದು ಕಡೆ ಜಂಬದವಳು, ಇನ್ನೊಂದು ಕಡೆ ಚಾಡಿಕೋರಿ. ಎರಡನ್ನೂ ಒಬ್ಬಳೇ ಹೊತ್ತುಕೊಂಡು ಓಡಾಡಿದಳು.

ಇನ್ನು ಬೆಣ್ಣೆಕೈ. ಅವನು ನಮ್ಮ ರಸ್ತೆಯ ತಿರುವಿನಲ್ಲಿರುವ ಕಟಿಂಗ್ ಶಾಪಿನ ಮಾಲೀಕ. ಅವನ ಕೈಯ ನಯಕ್ಕೆ ಗಿರಾಕಿಗಳೇ ಇಟ್ಟ ಹೆಸರು ಅದು. ಎಷ್ಟೋ ವರ್ಷಗಳಿಂದ ಭಾನುವಾರ ಅವನ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿ, ಬಿಸಿ ಟವೆಲಿನಡಿ ಕಣ್ಣು ಮುಚ್ಚಿ, ನೊರೆ ಬಳಿಸಿಕೊಳ್ಳುವುದೇ ನನ್ನ ವಾರದ ಸುಖ. ಒಂದು ಕಾಲದಲ್ಲಿ ಅವನು ವಿಚಿತ್ರವಾಗಿ ನಿಧಾನವಾದ. ಕೆನ್ನೆ ಮುಗಿಸಿ ಗಂಟಲಿಗೆ ಬರುವಷ್ಟರಲ್ಲಿ ಕತ್ತಿ ಕೆಳಗಿಟ್ಟು ಕೈ ತೊಳೆಯಲು ಹೋಗುತ್ತಿದ್ದ. ಮತ್ತೆ ಬರುತ್ತಿದ್ದ, ಮತ್ತೆ ಹೋಗುತ್ತಿದ್ದ. ಹಣೆಯಲ್ಲಿ ಬೆವರು. "ಏನಯ್ಯಾ, ನನ್ನ ಮುಖಕ್ಕೆ ನೊರೆ ಹಚ್ಚಿ ಸಂಸಾರ ಮಾಡೋಕೆ ಹೋಗ್ತೀಯಾ?" ಎಂದು ಬೈಯುತ್ತಿದ್ದೆ. ಅವನು "ಆಯ್ತು ಮೇಷ್ಟ್ರೇ" ಎನ್ನುತ್ತಿದ್ದ, ನಗುತ್ತಿರಲಿಲ್ಲ.

ಅದೇ ಸುಮಾರಿಗೆ ನನ್ನ ಹೆಂಡತಿ ಒಂದು ಸಂಜೆ ನನಗೆ ಗಡ್ಡದ ಸೆಟ್ಟು ತಂದುಕೊಟ್ಟಳು. ಹೊಳೆಯುವ ರೇಜರು, ಮೆತ್ತನೆಯ ಬ್ರಷ್ಷು, ಮುಚ್ಚಳವಿದ್ದ ಡಬ್ಬಿ. ಮದುವೆಯಾದಾಗಿನಿಂದ ನನಗೊಂದು ಕರವಸ್ತ್ರ ತಂದವಳಲ್ಲ.

"ಇನ್ಮೇಲೆ ಮನೇಲೇ ಮಾಡ್ಕೊಳ್ರಿ," ಅಂದಳು.

"ಯಾಕೆ, ನನ್ನ ಸುಖ ನೋಡಿ ಹೊಟ್ಟೆಕಿಚ್ಚಾ?"

"ಸುಮ್ನೆ ತಂದೆ ರೀ. ಒಂದ್ಸಲ ಮಾಡಿ ನೋಡಿ."

ನಾನು ಅದನ್ನು ಅಟ್ಟಕ್ಕೆ ಹಾಕಿದೆ. ಅಕ್ಕ ಎರಡು ದಿನ ನಕ್ಕಳು. ಮುಂದಿನ ವಾರ ಇವಳೇ ಏಣಿ ಹತ್ತಿ ಅದನ್ನು ಇಳಿಸಿ, ತಂದ ಅಂಗಡಿಗೇ ಹಿಂದಿರುಗಿಸಿ ಬಂದಳು. "ಬೇಡ ಬಿಡಿ, ನೀವು ಅಲ್ಲಿಗೇ ಹೋಗಿ," ಎಂದಳು. ಮುಖ ಬಾಡಿತ್ತು. ಹೆಂಗಸರ ಮನಸ್ಸು ಅರ್ಥವಾಗುವುದಿಲ್ಲ ಎಂದು ಗಂಡಸರು ಹೇಳುವ ಹಳಸಲು ಮಾತನ್ನು ನಾನೂ ಹೇಳಿ ಕೈತೊಳೆದುಕೊಂಡೆ. ಆ ಭಾನುವಾರದಿಂದ ಅವಳಿಗೆ ಇನ್ನೊಂದು ಅಭ್ಯಾಸ ಶುರುವಾಯಿತು. ನಾನು ಗಡ್ಡ ಮಾಡಿಸಿಕೊಂಡು ಬಂದರೆ ಬಾಗಿಲಲ್ಲೇ ತರಕಾರಿ ಚೀಲ ತೆಗೆದುಕೊಂಡು, ನನ್ನ ಕೆನ್ನೆಯಿಂದ ಗಂಟಲವರೆಗೆ ಒಮ್ಮೆ ಕೈ ಆಡಿಸಿ, "ನಯವಾಗಿದೆ," ಎನ್ನುತ್ತಿದ್ದಳು. ಇಷ್ಟು ವಯಸ್ಸಿಗೆ ನನ್ನ ಮೇಲೆ ಹೊಸದಾಗಿ ಪ್ರೀತಿ ಉಕ್ಕಿದೆ ಎಂದುಕೊಂಡು ನಾನು ಒಳಗೊಳಗೇ ಬೀಗುತ್ತಿದ್ದೆ.

ಆ ಬೀಗುವಿಕೆಯೇ ನನ್ನ ಬಾಯಿಯಿಂದ ಕೆಲಸ ಕೆಡಿಸಿತೋ ಏನೋ. ಒಂದು ಭಾನುವಾರ ಬೆಣ್ಣೆಕೈಯ ಅಂಗಡಿಯಲ್ಲಿ, ಕಾಯುತ್ತ ಕೂತಿದ್ದ ಗಿರಾಕಿಯೊಬ್ಬ ಕೇಳಿದ: "ಮೇಷ್ಟ್ರೇ, ಊರವರ ಗುಟ್ಟೆಲ್ಲ ನಿಮ್ಮ ಮನೆಯವರ ಹತ್ರ ಇರುತ್ತಲ್ಲ. ನಿಮಗಾದ್ರೂ ಹೇಳ್ತಾರಾ?"

ಇಲ್ಲ ಎಂದರೆ ಹೆಂಡತಿ ಲೆಕ್ಕಕ್ಕೇ ಇಡದ ಗಂಡ ಎಂದಾಗುತ್ತದೆ. ನಾನು ನೊರೆಯ ನಡುವಿನಿಂದಲೇ ಹೇಳಿದೆ. "ಹೇಳದೆ ಎಲ್ಲಿ ಹೋಗ್ತಾಳೆ? ಊಟಕ್ಕೆ ಕೂತ್ರೆ ಅದೇ ಕಥೆ. ಯಾರ್ಯಾರ ತಲೇಲಿ ಏನೇನಿದೆ ಅಂತ ನನಗೆಲ್ಲ ಗೊತ್ತು." ಇದೇ ಮಾತನ್ನು ಆ ವಾರ ಟೀ ಅಂಗಡಿಯಲ್ಲಿ, ಪಂಕ್ಚರ್ ಹಾಕುವಲ್ಲಿ, ಹಾಲಿನ ಬೂತಿನಲ್ಲೂ ಹೇಳಿದ್ದೆ. ಒಂದು ಸಲ ಹೇಳಿ ಚೆನ್ನಾಗಿ ಕೇಳಿಸಿದ ಸುಳ್ಳನ್ನು ನಾನು ಒಂದೇ ಕಡೆ ಬಿಟ್ಟು ಬರುವವನಲ್ಲ.

ಬೆಣ್ಣೆಕೈ ಅವತ್ತು ನನ್ನ ಅರ್ಧ ಮುಖ ಮುಗಿಸಿದ್ದ. ಇನ್ನರ್ಧ ಮುಗಿಸಲು ಬಹಳ ಹೊತ್ತು ಹಿಡಿಯಿತು. ಮರುದಿನ ಅಂಗಡಿ ತೆರೆಯಲಿಲ್ಲ, ಅದರ ಮರುದಿನವೂ ಇಲ್ಲ. ಮೈ ಸರಿಯಿಲ್ಲವೇನೋ ಎಂದುಕೊಂಡೆ.

ವಾರದ ಕೊನೆಗೆ ನನ್ನ ಹೆಂಡತಿ ಕೋಣೆಯಿಂದ ಬೇಗ ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ನಾನು ನಿಮಗೆ ಎಲ್ಲಾ ಹೇಳ್ತೀನಿ ಅಂತ ಎಲ್ಲೆಲ್ಲಿ ಹೇಳ್ಕೊಂಡು ತಿರುಗಿದೀರಿ?"

ಅವಳ ದನಿ ಏರಿರಲಿಲ್ಲ. ಅಕ್ಕ ಒಳಗಿನಿಂದ ಕಿವಿ ನೆಟ್ಟಗೆ ಮಾಡಿದ್ದು ಗೋಡೆಯಾಚೆಯಿಂದಲೇ ತಿಳಿಯಿತು.

"ತಮಾಷೆಗೆ ಅಂದೆ ಕಣೇ. ಯಾರು ಹೇಳಿದ್ರು ನಿನಗೆ?"

"ಯಾರೂ ಹೇಳಿಲ್ಲ. ಬರ್ಬೇಕಾದವರು ಬರ್ಲಿಲ್ಲ. ಒಂದು ಚೀಟಿ ಬಂತು, ಇನ್ನು ಬರಲ್ಲ, ಇಲ್ಲಿ ಹೇಳಿದ್ದು ಇಲ್ಲೇ ಇರಲ್ಲ ಅಂತ. ಯಾಕೆ ಅಂತ ಯೋಚನೆ ಮಾಡ್ದೆ. ನಿಮ್ಮ ಬಾಯಿ ನೆನಪಾಯ್ತು."

"ಯಾರದು ಹೇಳು, ಈಗ್ಲೇ ಹೋಗಿ ಕಾಲು ಹಿಡೀತೀನಿ."

ಅವಳು ನನ್ನನ್ನು ನೋಡಿದ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. ಆಮೇಲೆ ಹೇಳಿದಳು: "ಎಲ್ಲೆಲ್ಲಿ ಆ ಮಾತಾಡಿದೀರೋ ಅಲ್ಲೆಲ್ಲ ಹೋಗಿ. ಅದು ಸುಳ್ಳು, ಅವಳು ನನಗೆ ಏನೂ ಹೇಳಲ್ಲ, ಜಂಬಕ್ಕೆ ಹೇಳ್ದೆ ಅನ್ನಿ. ಇವತ್ತು ಸಂಜೆಯೊಳಗೆ."

"ಎಲ್ಲಾ ಕಡೆ? ಯಾವ ಜಾಗ ಅಂತ ನೀನು ಒಂದು ಹೇಳಿದ್ರೆ ಸಾಲದಾ?"

"ಒಂದು ಜಾಗ ಹೇಳಿದ್ರೆ ಅವರು ಯಾರು ಅಂತ ನಾನೇ ಹೇಳಿದ ಹಾಗಾಯ್ತು."

ಹೊರಟೆ. ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂದಿತ್ತು. ಟೀ ಅಂಗಡಿಯಲ್ಲಿ ನಿಂತು, "ನೋಡ್ರಪ್ಪ, ನನ್ನ ಹೆಂಡತಿ ನನಗೆ ಏನೂ ಹೇಳಲ್ಲ, ಮೊನ್ನೆ ನಾನು ಬುರುಡೆ ಬಿಟ್ಟಿದ್ದು," ಅಂದೆ. ಒಬ್ಬ ಟೀ ಸುರಿದುಕೊಂಡು ನಕ್ಕ. ಪಂಕ್ಚರಿನವನು, "ನನಗೆ ಅವತ್ತೇ ಗೊತ್ತಿತ್ತು ಬಿಡಿ ಸಾರ್, ನಿಮ್ಮ ಮಾತು ಯಾರು ನಂಬ್ತಾರೆ," ಅಂದ. ಹಾಲಿನ ಬೂತಿನಲ್ಲಿ ಸಾಲು ನಿಂತಿದ್ದ ಹೆಂಗಸರ ಮುಂದೆ ಹೇಳಿದಾಗ ಇಂಗು ತಿಂದ ಮಂಗನಂತಾಯಿತು ನನ್ನ ಮುಖ. ಇಷ್ಟು ವರ್ಷ ಕೂಡಿಟ್ಟ ಮರ್ಯಾದೆಯನ್ನು ಬೀದಿ ಬೀದಿಯಲ್ಲಿ ಹಂಚಿ ಮನೆಗೆ ಬಂದೆ.

ಅವಳು ಹುರುಳಿಕಾಯಿ ಬಿಡಿಸುತ್ತ ಕೂತಿದ್ದಳು. "ಎಲ್ಲಾ ಕಡೆ ಆಯ್ತಾ?"

"ಆಯ್ತು. ಬೆಣ್ಣೆಕೈ ಅಂಗಡಿ ಒಂದು ಬಾಗಿಲು ಹಾಕಿದೆ. ತೆಗೆದಾಗ ಹೇಳ್ತೀನಿ."

ಅವಳು ತಲೆಯೆತ್ತಲಿಲ್ಲ. ಕಾಯಿಯ ನಾರು ತೆಗೆಯುತ್ತಲೇ ಹೇಳಿದಳು: "ಎಲ್ಲಾ ಕಡೆ ಅಂದ್ರೆ ಎಲ್ಲಾ ಕಡೆ ರೀ."

ನಾರು ಅರ್ಧಕ್ಕೆ ತುಂಡಾಯಿತು. ಅವಳು ನಾರನ್ನು ಬಟ್ಟಲಿಗೆ, ಕಾಯಿಯನ್ನು ಕಸಕ್ಕೆ ಹಾಕಿದಳು. ಮೌನಗೌರಿ ಹೀಗೆ ಕೈತಪ್ಪಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೇರೆ ದಿನವಾಗಿದ್ದರೆ ಯಾಕೆ ಎಂದು ಕೆದಕಿ ಕೆದಕಿ ಕೇಳುತ್ತಿದ್ದೆ. ಅವತ್ತು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ.

ಅಂಗಡಿಯ ಹಿಂಭಾಗದಲ್ಲೇ ಬೆಣ್ಣೆಕೈಯ ಮನೆ. ಅವನ ಹೆಂಡತಿ ಬಾಗಿಲು ತೆರೆದಳು. ಕಣ್ಣು ಊದಿಕೊಂಡಿತ್ತು. "ಹೊರಗೆ ಬರ್ತಾ ಇಲ್ಲ ಸಾರ್. ಊಟನೂ ಸರಿಯಾಗಿ ಇಲ್ಲ. ಕತ್ತಿ, ಕತ್ತರಿ ಎಲ್ಲಾ ನನ್ನ ಕೈಗೆ ಕೊಟ್ಟು ಬೀರುಗೆ ಹಾಕಿ ಬೀಗ ಹಾಕು ಅಂದ್ರು. ಏನಂತ ಕೇಳಿದ್ರೆ ಹೇಳಲ್ಲ."

ಅವನು ಒಳಗೆ ಮಂಚದ ತುದಿಯಲ್ಲಿ, ಎರಡು ಕೈಯನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ. ನನ್ನನ್ನು ನೋಡಿ ಗೋಡೆಗೆ ಸರಿದ. ನಾನು ಬೀದಿಯಲ್ಲೆಲ್ಲ ಒಪ್ಪಿಸಿ ಬಂದ ಪಾಠವನ್ನು ಅವನಿಗೂ ಒಪ್ಪಿಸಿದೆ. ಆ ಹೊತ್ತಿಗೆ ಚೆನ್ನಾಗಿ ರೂಢಿಯಾಗಿತ್ತು.

ಅವನು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ. "ನಿಜವಾಗ್ಲೂ ಏನೂ ಹೇಳಿಲ್ವಾ ಮೇಷ್ಟ್ರೇ?"

"ನನ್ನ ಬಗ್ಗೆ ಅವಳಿಗೆ ಏನನ್ಸುತ್ತೆ ಅಂತಾನೇ ಹೇಳಿಲ್ಲ ಮಾರಾಯ, ಬೇರೆಯವರದು ಎಲ್ಲಿಂದ ಹೇಳ್ತಾಳೆ? ಅದಿರಲಿ, ನನ್ನ ಗಡ್ಡ ನೋಡು. ನಿನ್ನೆ ಒಂದು ಮಗು ನನ್ನನ್ನ ನೋಡಿ ಅತ್ತುಬಿಡ್ತು. ಎದ್ದೇಳು, ಅಂಗಡಿ ತೆಗಿ."

"ಬೇರೆ ಕಡೆ ಮಾಡಿಸ್ಕೊಳ್ಳಿ."

"ಬೇರೆಯವನ ಕೈಗೆ ನನ್ನ ಗಂಟಲು ಕೊಡಲ್ಲ ನಾನು."

ಹೊಗಳಿಕೆಯೆಂದುಕೊಂಡು ಸುಮ್ಮನೆ ಆಡಿದ ಮಾತು. ಆ ಮನುಷ್ಯ ಎರಡು ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ನಾನು ಅವನ ಹೆಂಡತಿಯ ಕಡೆ, ಅವಳು ನನ್ನ ಕಡೆ ನೋಡಿದೆವು. ಆಮೇಲೆ ಅವನು ಎದ್ದ, ಮುಖ ತೊಳೆದ, ಹೆಂಡತಿಯ ಹತ್ತಿರ ಬೀಗದ ಕೈ ಕೇಳಿದ. ಅಂಗಡಿಯ ಅರ್ಧ ಬಾಗಿಲು ಎತ್ತಿ ನನ್ನನ್ನು ಕೂರಿಸಿದ. ನಾನು ಎಂದಿನಂತೆ ತಲೆ ಹಿಂದಕ್ಕೆ ಹಾಕಿ ಕಣ್ಣು ಮುಚ್ಚಿದೆ. ಗಂಟಲ ಹತ್ತಿರ ಬಂದಾಗ ಅವನ ಉಸಿರು ಜೋರಾಯಿತು, ಆದರೆ ಕೈ ತೊಳೆಯಲು ಹೋಗಲಿಲ್ಲ. ನಿಂತು, ಕಾದು, ಮತ್ತೆ ಶುರು ಮಾಡಿ ಮುಗಿಸಿದ. ಪಟಿಕದ ಕಲ್ಲು ಸವರುವಾಗ ಅವನ ಅಂಗಿಯ ಬೆನ್ನೆಲ್ಲ ಒದ್ದೆಯಾಗಿದ್ದುದು ಕನ್ನಡಿಯಲ್ಲಿ ಕಂಡಿತು.

ಮನೆಗೆ ಬಂದರೆ ಇವಳು ಗೇಟಿನ ಹತ್ತಿರ ನಿಂತಿದ್ದಳು, ಕೈಯಲ್ಲಿ ಫೋನಿತ್ತು. ನನ್ನ ಕೆನ್ನೆ ನೋಡಿದಳು. ಕೈ ಆಡಿಸಿದಳು. ನಯವಾಗಿದೆ ಎನ್ನಲಿಲ್ಲ, ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಕ್ಕ ಓಡಿಬಂದು, "ಏನಂದೆಯೋ ಅವಳಿಗೆ?" ಎಂದು ನನ್ನನ್ನೇ ಬೈದಳು. ಆ ದಿನ ಇಬ್ಬರು ನನ್ನೆದುರು ಅತ್ತರು, ಎರಡೂ ಯಾಕೆಂದು ನನಗೆ ಗೊತ್ತಾಗಲಿಲ್ಲ.

ಅದೆಲ್ಲ ಹಳೆಯ ಮಾತಾಯಿತು. ಬೆಣ್ಣೆಕೈ ಮತ್ತೆ ಮೊದಲಿನ ಬೆಣ್ಣೆಕೈಯಾದ, ಪಕ್ಕದ ಮಳಿಗೆಯನ್ನೂ ಸೇರಿಸಿಕೊಂಡು ಅಂಗಡಿ ದೊಡ್ಡದು ಮಾಡಿದ. ಹೋದ ವರ್ಷ ಒಂದು ಹಳೆಯ ಕಾರು ಕೊಂಡು ನನ್ನ ಹತ್ತಿರವೇ ಕಲಿಯಲು ಬಂದ. ಕೈ ಇಷ್ಟು ನಯವಾದ ಮನುಷ್ಯನ ಕಾಲು ಅಷ್ಟೇ ಒರಟು, ಕ್ಲಚ್ಚು ಬಿಟ್ಟರೆ ಕಾರು ಕಪ್ಪೆಯಂತೆ ಹಾರುತ್ತಿತ್ತು. ಒಂದು ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಚೆನ್ನಾಗಿ ಓಡಿಸುತ್ತ, ಕಣ್ಣು ರಸ್ತೆಯ ಮೇಲೆಯೇ ಇಟ್ಟು, ಹೇಳಿದ.

"ಮೇಷ್ಟ್ರೇ, ನಿಮಗೊಂದು ವಿಷಯ ಹೇಳ್ಬೇಕು. ಮೇಡಂ ಹತ್ರ ಕೇಳ್ದೆ. ನಿಮ್ಮ ಇಷ್ಟ, ನಿಮ್ಮ ಕಥೆ, ಅಂದ್ರು. ನಾನು ಮುಂಚೆ ಅವರ ಹತ್ರ ಹೋಗ್ತಿದ್ದೆ. ಕತ್ತಿ ಹಿಡಿದಾಗೆಲ್ಲ ಗಿರಾಕಿ ಕತ್ತು ಕೊಯ್ದುಬಿಡ್ತೀನಿ ಅನ್ನೋ ಯೋಚನೆ ಬರ್ತಿತ್ತು ನನಗೆ. ನಿಮ್ಮ ಕತ್ತೂ."

ನಾನು ಎರಡನೇ ಬ್ರೇಕು ಒತ್ತಿಬಿಟ್ಟೆ. ಎದುರಿಗೆ ಒಂದು ನರಪಿಳ್ಳೆ ಇರಲಿಲ್ಲ. ಕಾರು ಕಿರುಗುಟ್ಟಿ ನಿಂತಿತು. ಅವನು ಮೆಲ್ಲಗೆ ಉಳಿದದ್ದನ್ನೂ ಹೇಳಿದ. ಮೊದಲ ದಿನವೇ ಅವನು ಇವಳ ಮುಂದೆ ಕೈಮುಗಿದಿದ್ದನಂತೆ. ನನ್ನನ್ನು ಪೊಲೀಸರಿಗೆ ಹಿಡಿದುಕೊಡಿ, ಇಲ್ಲ ಅಂಗಡಿಗೆ ಬೀಗ ಹಾಕಿಸಿ, ಕೊನೆಗೆ ಏನಾದರೂ ನೆಪ ಹೇಳಿ ಮೇಷ್ಟ್ರನ್ನಾದರೂ ನನ್ನ ಅಂಗಡಿಗೆ ಕಳಿಸಬೇಡಿ ಎಂದು ಬೇಡಿದ್ದನಂತೆ. ಇದು ಹೆದರಿಕೆಯ ಕಾಯಿಲೆ, ನೀವು ಯಾರನ್ನೂ ಕೊಲ್ಲುವವರಲ್ಲ, ಅಂಗಡಿ ಮುಚ್ಚಿದಷ್ಟೂ ಕಾಯಿಲೆ ಬೆಳೆಯುತ್ತದೆ ಎಂದು ಅವಳು ಹೇಳಿದಳಂತೆ. ಡಾಕ್ಟರ ಮಾತ್ರೆಯ ಜೊತೆ, ಕತ್ತಿ ಕೆಳಗಿಡದೆ ಆ ಯೋಚನೆ ಬಂದು ಹೋಗುವವರೆಗೂ ನಿಲ್ಲುವುದನ್ನು ಕಲಿಸಿದಳಂತೆ. ಅದನ್ನು ಅವನು ಮೊದಲ ಬಾರಿ ಪೂರ್ತಿ ಮಾಡಿದ್ದು ಅಂಗಡಿಯ ಅರ್ಧ ಬಾಗಿಲೆತ್ತಿದ ಆ ಸಂಜೆ, ನನ್ನ ಗಂಟಲ ಮೇಲೆ.

ಆ ದಿನ ಮಿಕ್ಕ ಪಾಠಗಳನ್ನೆಲ್ಲ ಬಿಟ್ಟು ಮನೆಗೆ ಬಂದೆ. ಅಕ್ಕ ಭಾವನ ಕಡೆಯ ಮದುವೆಗೆ ಹೋಗಿದ್ದಳು, ಅದೊಂದು ಪುಣ್ಯ. ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಕೊನೆಯದನ್ನು ಮಾತ್ರ ಹೇಳುತ್ತೇನೆ.

"ಆ ಇಸ್ತ್ರಿ ಅಂಗಿಯವನ ಹೆಂಡತಿಗೆ ಫೋನ್ ಮಾಡಿ ಹೇಳ್ದೆ. ಸ್ವಂತ ಗಂಡನಿಗೆ ಹೇಳ್ಲಿಲ್ಲ. ನನ್ನ ಜೀವ ಅಷ್ಟು ಅಗ್ಗ ಆಯ್ತಾ ನಿನಗೆ?"

ಅವಳು ಅಷ್ಟೂ ಹೊತ್ತು ಕೇಳುತ್ತ ಕೂತಿದ್ದಳು. ಕೋಣೆಯಲ್ಲಿ ಬಂದವರ ಮುಂದೆಯೂ ಹೀಗೆಯೇ ಕೂರುತ್ತಾಳೇನೋ.

"ಅವನ ಕೈ ಬೆವರ್ತಿರ್ಲಿಲ್ಲ ರೀ," ಅಂದಳು. "ಆ ಇಸ್ತ್ರಿ ಅಂಗಿಯವನದು. ಅವನು ಹೆದರಿರ್ಲಿಲ್ಲ, ಸಿದ್ಧವಾಗಿದ್ದ. ಇವರು ಹಾಗಲ್ಲ, ಆ ಯೋಚನೆ ಬಂದಾಗ ಕತ್ತಿ ಕೆಳಗಿಟ್ಟು ಓಡೋರು. ಅಷ್ಟು ಹೆದರೋರು ಮಾಡಲ್ಲ."

"ಅದು ನಿನಗೆ ಖಚಿತವಾಗಿ ಗೊತ್ತಿತ್ತಾ?"

"ಖಚಿತ ಅನ್ನೋದು ನಮ್ಮ ಕೆಲಸದಲ್ಲಿ ಇಲ್ಲ. ತಿಳಿದಷ್ಟು ತಿಳಿದಿತ್ತು. ಮೊದಲ ವಾರ ನನಗೂ ಧೈರ್ಯ ಇರ್ಲಿಲ್ಲ. ಅವರೂ ಬೇಡಿಕೊಂಡಿದ್ರು, ಅದೇ ನೆಪ ಆಯ್ತು. ಹೋಗಿ ಆ ಸೆಟ್ಟು ತಂದೆ. ಆಮೇಲೆ ನನಗೆ ಕಲಿಸಿದ ಗುರುಗಳಿಗೆ ಫೋನ್ ಮಾಡಿ, ಹೆಸರು ಹೇಳದೆ ಎಲ್ಲಾ ಹೇಳ್ದೆ. ಅವರು ಒಂದೇ ಮಾತು ಕೇಳಿದ್ರು. ಸೆಟ್ಟು ನಿನ್ನ ಗಂಡನಿಗೆ ತಂದೆ ಸರಿ, ಆ ಅಂಗಡಿಗೆ ಹೋಗೋ ಮಿಕ್ಕ ಗಂಡಸರಿಗೆ ಯಾವಾಗ ತರ್ತೀಯಾ ಅಂತ."

ನಾನು ಕುರ್ಚಿ ಎಳೆದುಕೊಂಡು ಅವಳೆದುರು ಕೂತೆ.

"ಅಪಾಯ ಇದ್ರೆ ಎಲ್ಲರಿಗೂ ಹೇಳ್ಬೇಕಿತ್ತು. ಇಲ್ದಿದ್ರೆ ಯಾರಿಗೂ ಹೇಳೋ ಹಾಗಿಲ್ಲ. ಊರವರ ಗಂಟಲಿಗೆ ಒಂದು ಲೆಕ್ಕ, ನಿಮ್ಮ ಗಂಟಲಿಗೆ ಒಂದು ಲೆಕ್ಕ ಇಟ್ರೆ, ನಾನು ಇವರಿಗೆ, 'ನಿಮ್ಮಿಂದ ಯಾರಿಗೂ ಅಪಾಯ ಇಲ್ಲ' ಅಂತ ಹೇಳಿದ್ದು ಸುಳ್ಳಾಗ್ತಿತ್ತು. ಅದಕ್ಕೆ ಸೆಟ್ಟು ವಾಪಸ್ ಕೊಟ್ಟು ನಿಮ್ಮನ್ನ ಅಲ್ಲಿಗೇ ಕಳಿಸ್ದೆ. ನಿಮ್ಮ ಜೀವ ಅಗ್ಗ ಆಗಿ ಅಲ್ಲ."

"ಅವತ್ತು ಗೇಟಿನ ಹತ್ರ ಫೋನ್ ಹಿಡ್ಕೊಂಡು ಯಾಕೆ ನಿಂತಿದ್ದೆ?"

"ಅವರು ತಮ್ಮ ಜೀವಕ್ಕೇ ಏನಾದ್ರೂ ಮಾಡ್ಕೊಂಡ್ರೆ ಅಂತ ಹೆದರಿದ್ದೆ. ಕರೆ ಮಾಡ್ದೆ, ಅವರು ಎತ್ತಲಿಲ್ಲ. ಚೀಟಿಯಲ್ಲಿ ಸಾಯೋ ಮಾತು ಇರ್ಲಿಲ್ಲ, ಅದಕ್ಕೇ ಸಂಜೆವರೆಗೆ ಕಾದೆ. ಅವರು ಬಾಗಿಲು ತೆಗೀದೆ ನೀವು ಹಾಗೇ ವಾಪಸ್ ಬಂದಿದ್ರೆ ಅವರ ಹೆಂಡತಿಗೆ ಎಲ್ಲಾ ಹೇಳ್ತಿದ್ದೆ. ನಂಬರ್ ಒತ್ತಿ ಇಟ್ಕೊಂಡಿದ್ದೆ."

ನನಗೆ ನನ್ನ ಕಾರು ನೆನಪಾಯಿತು. ಆ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ನಾನು ಒತ್ತಿದ ಬ್ರೇಕು ನೆನಪಾಯಿತು. ಅಷ್ಟೂ ಭಾನುವಾರ ಇವಳು ಕಾಲು ಬ್ರೇಕಿನ ಮೇಲಿಟ್ಟು, ಒತ್ತದೆ ಕೂತಿದ್ದಳು, ಅದೂ ಸ್ವಂತ ಗಂಡನನ್ನು ಎದುರಿಗೆ ನಿಲ್ಲಿಸಿಕೊಂಡು. ನನ್ನಿಂದ ಅದು ಆಗುತ್ತಿರಲಿಲ್ಲ. ಅದು ತಿಳಿದರೂ ಸಿಟ್ಟು ಪೂರ್ತಿ ಹೋಗಲಿಲ್ಲ, ಹೆಮ್ಮೆಯೂ ಸಿಟ್ಟೂ ಒಂದೇ ಎದೆಯಲ್ಲಿ ಒದ್ದಾಡಿದವು. ಆ ವಾರವೆಲ್ಲ ಉಪ್ಪು ಕೊಡು, ನೀರು ಕೊಡು ಎನ್ನುವಷ್ಟು ಮಾತ್ರ ಮಾತಾಡಿದೆ.

ಭಾನುವಾರ ಬಂತು. ಅವಳು ಚೀಲವನ್ನು ಕೈಗೆ ಕೊಡಲಿಲ್ಲ, ಮೊಳೆಗೆ ನೇತುಹಾಕಿ ಒಳಗೆ ಹೋದಳು. ಹೋಗಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಾನು ಎರಡು ಸಲ ಪೇಪರು ಓದಿದೆ. ಆಮೇಲೆ ಚೀಲ ತೆಗೆದುಕೊಂಡು ಹೊರಟೆ. ಬೆಣ್ಣೆಕೈ ನನ್ನನ್ನು ಕಂಡು ಎದ್ದು ನಿಂತ, ಕುರ್ಚಿ ಒರೆಸಿದ. ತಲೆ ಹಿಂದಕ್ಕೆ ಹಾಕಿದೆ. ಕಣ್ಣು ಮುಚ್ಚಲು ಆಗಲಿಲ್ಲ, ಮುಗಿಯುವವರೆಗೂ ಸೂರಿನ ಫ್ಯಾನು ನೋಡುತ್ತಿದ್ದೆ. ಕತ್ತಿ ಗಂಟಲಿಗೆ ಬಂದಾಗ ಬೆವರಿದ್ದು ನನ್ನ ಕೈ.

ಮನೆಗೆ ಬಂದಾಗ ಬಾಗಿಲಲ್ಲಿ ಅವಳಿದ್ದಳು. ಚೀಲ ತೆಗೆದುಕೊಂಡು ಕೈ ಎತ್ತಿದವಳು, ಈಗ ನನಗೆಲ್ಲ ಗೊತ್ತಿದೆ ಎನ್ನುವುದು ನೆನಪಾಗಿ ಅರ್ಧಕ್ಕೆ ನಿಲ್ಲಿಸಿದಳು. ನಾನೇ ಆ ಕೈ ಹಿಡಿದು ನನ್ನ ಗಂಟಲ ಮೇಲಿಟ್ಟುಕೊಂಡೆ.

"ಇದೆ ನೋಡು," ಅಂದೆ.

ಅವಳು ಕೈ ತೆಗೆಯಲಿಲ್ಲ. ಇಷ್ಟು ವರ್ಷ ಹೇಳದೆ ಉಳಿಸಿಕೊಂಡದ್ದನ್ನು ಹೇಳಿದಳು: "ಪ್ರತಿ ಭಾನುವಾರ ನೀವು ಬರೋವರೆಗೂ ನಾನು ಈ ಬಾಗಿಲು ಬಿಟ್ಟು ಒಳಗೆ ಹೋಗಿಲ್ಲ ರೀ."